ನಲವತ್ತೊಂದು ಪುಸ್ತಕ, ಯಾವ ಸ್ಟೇಷನ್ನಿನಲ್ಲಿ ಹತ್ತೋಣ?

ಪ್ರಶ್ನೆ: ಇಂಗ್ಲಿಷಿನ ಹಾಸ್ಯ ಲೇಖಕ ಟೆರ್ರಿ ಪ್ರ್ಯಾಚೆಟ್ ಅವರ ಡಿಸ್ಕ್‌ವರ್ಲ್ಡ್ ಸರಣಿ ಓದಬೇಕು ಅಂತ ಬಹಳ ದಿನದಿಂದ ಆಸೆ. ಒಟ್ಟು 41 ಕಾದಂಬರಿ ಅಂತ ತಿಳಿದ ಮೇಲೆ ಕೈಕಾಲೇ ಆಡುತ್ತಿಲ್ಲ. ಒಂದನೆಯದರಿಂದಲೇ ಶುರು ಮಾಡಬೇಕಾ?
(ಡೊಂಬಿವಲಿಯ ಓದುಗರೊಬ್ಬರು)

ಬೇಡ. ಒಂದನೆಯದನ್ನು ಸದ್ಯಕ್ಕೆ ಬಿಡಿ.

ಆ ತಪ್ಪು ನಾನು ಮಾಡಿ ಆಗಿದೆ. ಮುಂಬಯಿಯ ಮಾಟುಂಗಾದಲ್ಲಿ ಇಡ್ಲಿ, ಕಾಫಿ ಮುಗಿಸಿ ಕಿಂಗ್ಸ್ ಸರ್ಕಲ್ ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಕೆದಕುತ್ತಿದ್ದಾಗ ‘ದ ಕಲರ್ ಆಫ್ ಮ್ಯಾಜಿಕ್’ ಸಿಕ್ಕಿತು. ಮೊದಲನೆಯದೇ ಸಿಕ್ಕಿತಲ್ಲ ಅಂತ ಖುಷಿಯೋ ಖುಷಿ. ಲೋಕಲ್ ರೈಲಿನಲ್ಲಿ ನಿಂತು ಓದಲು ಶುರು ಮಾಡಿದರೆ ಠಾಣೆ ಸ್ಟೇಷನ್ ಬರುವಷ್ಟರಲ್ಲಿ ಆಕಳಿಕೆ. ಅದು 1983ರ ಪುಸ್ತಕ. ಕತ್ತಿ ಹಿಡಿದ ವೀರರು, ಡ್ರ್ಯಾಗನ್‌ಗಳು ತುಂಬಿದ ಹಳೆಯ ಇಂಗ್ಲಿಷ್ ಕತೆಗಳನ್ನು ಗೇಲಿ ಮಾಡುತ್ತದೆ. ಆ ಕತೆಗಳನ್ನೇ ಓದದ ನನಗೆ ನಗು ಎಲ್ಲಿಂದ ಬರಬೇಕು? ನಟನನ್ನೇ ನೋಡದವನು ಅವನ ಮಿಮಿಕ್ರಿಗೆ ಹೋದ ಹಾಗಾಯ್ತು. ಸಾಲದ್ದಕ್ಕೆ ಅಲ್ಲಿ ಕತೆ ಮುಗಿಯುವುದೂ ಇಲ್ಲ. ಮುಂದೇನಾಯಿತು ಅಂತ ತಿಳಿಯಲು 1986ರ ‘ದ ಲೈಟ್ ಫೆಂಟಾಸ್ಟಿಕ್’ ಹುಡುಕಬೇಕು.

ಉಳಿದವು ಹೆಚ್ಚಿನವು ಹಾಗಲ್ಲ. ಲೋಕ ಒಂದೇ: ತಟ್ಟೆಯಂಥ ಭೂಮಿ, ಅದನ್ನು ಹೊತ್ತ ನಾಲ್ಕು ಆನೆ, ಆನೆಗಳನ್ನು ಹೊತ್ತ ಆಮೆ. (ಕೂರ್ಮ, ದಿಗ್ಗಜ ಅಂತ ಕೇಳಿಕೊಂಡೇ ಬೆಳೆದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?) ಆದರೆ ಒಂದೊಂದರ ಕತೆ ಬಹುಮಟ್ಟಿಗೆ ಅದರಲ್ಲೇ ಮುಗಿಯುತ್ತದೆ. ಮಾಟಗಾತಿಯರದು ಒಂದು ಲೈನು, ಪೊಲೀಸರದು ಇನ್ನೊಂದು, ಸಾವಿನದು (ಇಲ್ಲಿ ಸಾವೂ ಒಬ್ಬ ಪಾತ್ರಧಾರಿ) ಮತ್ತೊಂದು. ನಮ್ಮ ಲೋಕಲ್ ರೈಲಿನ ಸೆಂಟ್ರಲ್, ವೆಸ್ಟರ್ನ್, ಹಾರ್ಬರ್ ಲೈನು ಇದ್ದ ಹಾಗೆ. ನಡುವಿನ ದಾದರಿನಲ್ಲಿ ಹತ್ತಲು ಮೊದಲ ಸ್ಟೇಷನ್ ವಿ.ಟಿ.ಯಿಂದಲೇ ಹೊರಡಬೇಕೇನು?

ನನ್ನ ವೋಟು 1987ರ ‘ಮಾರ್ಟ್’ಗೆ. ಹುಡುಗರನ್ನು ಕೆಲಸಕ್ಕೆ ಗೊತ್ತು ಮಾಡಿಕೊಳ್ಳುವ ಸಂತೆ. ಉಳಿದವರಿಗೆಲ್ಲ ಧಣಿ ಸಿಕ್ಕಿ ಹೋಗಿದ್ದಾರೆ. ಉದ್ದುದ್ದ ಕೈಕಾಲಿನ ಮಾರ್ಟ್ ಒಬ್ಬನೇ ಚಳಿಯಲ್ಲಿ ನಿಂತಿದ್ದಾನೆ. ಗಂಟೆ ಹನ್ನೆರಡು ಹೊಡೆಯುವಾಗ ಸಾವು ಬರುತ್ತಾನೆ, ಅಪ್ರೆಂಟಿಸ್ ಬೇಕು ಅಂತ. ಅಪ್ಪನ ಕಣ್ಣಿಗೆ ಹೆಣ ಸಾಗಿಸುವ ಕೆಲಸದವನ ಹಾಗೆ ಕಾಣುತ್ತಾನೆ. ಆಗಲಿ ಅಂತ ಮಗನನ್ನು ಕಳಿಸುತ್ತಾನೆ. ಹೋದ ಮೇಲೆ ಹುಡುಗನಿಗೆ ಸಿಗುವ ಮೊದಲ ಕೆಲಸ ಲಾಯದ ಲದ್ದಿ ಬಾಚುವುದು. ನಮ್ಮ ಯಮನಿಗೆ ಕೋಣ, ಈತನಿಗೆ ಬಿಳಿ ಕುದುರೆ. ಅದರ ಹೆಸರು ಬಿಂಕಿ. ನಮ್ಮ ‘ಬಿಂಕ’ ನೆನಪಾಗಿ ನಾನು ಸುಮ್ನೆ ನಕ್ಕೆ. ಆಮೇಲೆ ಈ ಸಾವಿಗೇ ಬೇಜಾರು ಬಂದು ಖಾನಾವಳಿಯೊಂದರ ಅಡುಗೆಮನೆ ಸೇರುತ್ತಾನೆ. ಉಡುಪಿ ಹೋಟೆಲಿನ ಊರಿನವರಾದ ನಾವು ಆ ಭಾಗವನ್ನು ನಿಧಾನವಾಗಿ ಓದಬೇಕು.

ಮೂಲದಲ್ಲಿ ಸಾವಿನ ಮಾತೆಲ್ಲ ದೊಡ್ಡಕ್ಷರದಲ್ಲಿದೆ. ಕನ್ನಡಕ್ಕೆ ತಂದರೆ ಏನು ಮಾಡುವುದು? ನಮ್ಮಲ್ಲಿ ದೊಡ್ಡಕ್ಷರವೇ ಇಲ್ಲ! ನಾನಂತೂ ತಾಳಮದ್ದಳೆಯಲ್ಲಿ ಅರ್ಥ ಹೇಳುವವರ ಭಾರದ ದನಿಯಲ್ಲಿ ಓದಿಕೊಂಡೆ. ಸರಿಯಾಗಿ ಕೂತಿತು.

ಪತ್ತೇದಾರಿ ಇಷ್ಟವಾದರೆ ‘ಗಾರ್ಡ್ಸ್! ಗಾರ್ಡ್ಸ್!’ (1989). ದೇವರ ವಿಷಯದಲ್ಲಿ ತಮಾಷೆ ತಡೆದುಕೊಳ್ಳುವವರಾದರೆ ‘ಸ್ಮಾಲ್ ಗಾಡ್ಸ್’ (1992). ಅದರಲ್ಲಿ ದೊಡ್ಡ ದೇವರೊಬ್ಬ ಆಮೆಯಾಗಿ ತೆವಳುತ್ತಿರುತ್ತಾನೆ, ಯಾಕೆಂದರೆ ಅವನನ್ನು ನಿಜವಾಗಿ ನಂಬುವವನು ಒಬ್ಬನೇ ಉಳಿದಿದ್ದಾನೆ. ಅದಕ್ಕೆ ಹಿಂದೆಮುಂದೆ ಏನೂ ಬೇಕಿಲ್ಲ. ಆಫೀಸು, ಫೈಲು ಅಂತ ರೋಸಿಹೋದವರಿಗೆ ‘ಗೋಯಿಂಗ್ ಪೋಸ್ಟಲ್’ (2004): ನೇಣಿನಿಂದ ಪಾರಾದ ಮೋಸಗಾರನಿಗೆ ಪಾಳುಬಿದ್ದ ಅಂಚೆ ಕಚೇರಿ ನಡೆಸುವ ಶಿಕ್ಷೆ. ಇದರಲ್ಲಿ ಅಧ್ಯಾಯಗಳೂ ಇವೆ. ಹೆಚ್ಚಿನವುಗಳಲ್ಲಿ ಇಲ್ಲ, ಹಾಗಾಗಿ ಇಳಿಯುವ ಸ್ಟೇಷನ್ ತಪ್ಪುವ ಅಪಾಯ ಜಾಸ್ತಿ. ಅಡಿಟಿಪ್ಪಣಿ ಮಾತ್ರ ಹಾರಿಸಬೇಡಿ, ಅರ್ಧ ನಗು ಅಲ್ಲೇ ಇರುತ್ತದೆ.

ಒಂದನೆಯದು ಫುಟ್‌ಪಾತಿನಲ್ಲಿ ಕಂಡರೆ ಕೊಂಡಿಟ್ಟುಕೊಳ್ಳಿ, ನಾಲ್ಕೈದು ಓದಿದ ಮೇಲೆ ತೆರೆಯಿರಿ. ಸೀಟಿಗಾಗಿ ಬೆಳಿಗ್ಗೆ ಉಲ್ಟಾ ಕಲ್ಯಾಣ ಸ್ಟೇಷನ್ನಿಗೆ ಹೋಗಿ ಬರುವ ಡೊಂಬಿವಲಿಯವರಿಗೆ ಹಿಂದಕ್ಕೆ ಹೋಗುವುದೇನು ಹೊಸದಲ್ಲವಲ್ಲ. ನಾನೂ ಹಾಗೇ ಮಾಡಿದೆ, ಎರಡನೇ ಸಲ ನಗು ಬಂತು. ‘ದ ಷೆಪರ್ಡ್ಸ್ ಕ್ರೌನ್’ ಮಾತ್ರ ಕಟ್ಟಕಡೆಗೆ ಇರಲಿ. ಪ್ರ್ಯಾಚೆಟ್ ತೀರಿಕೊಂಡದ್ದು 2015ರ ಮಾರ್ಚಿನಲ್ಲಿ, ಆ ಪುಸ್ತಕ ಬಂದದ್ದು ಆಗಸ್ಟಿನಲ್ಲಿ. ನನ್ನ ಪ್ರತಿಗೆ ಬೈಂಡು ಹಾಕಿಟ್ಟಿದ್ದೇನೆ, ಇನ್ನೂ ತೆರೆದಿಲ್ಲ.