ಹಳೆಯ ಡೆಬಿಯನ್‌ಗೆ ಹೊಸ ಗ್ರಾಫಿಕ್ಸ್ ಕಾರ್ಡ್: ಡ್ರೈವರ್ ಎಲ್ಲಿಂದ ತರೋದು?

ಪ್ರಶ್ನೆ: ನಮ್ಮದು ಮದುವೆ ವಿಡಿಯೊ ಎಡಿಟ್ ಮಾಡುವ ಚಿಕ್ಕ ಸ್ಟುಡಿಯೊ. ಕಂಪ್ಯೂಟರ್‌ನಲ್ಲಿ ಡೆಬಿಯನ್ 12 (ಲಿನಕ್ಸ್‌ನ ಒಂದು ಬಗೆ) ಇದೆ, ಪ್ರೊಸೆಸರ್ ಐ5-10400ಎಫ್. ಹಳೆಯ ಕಾರ್ಡ್ ಕೆಟ್ಟಿತು ಅಂತ ಇಂಟೆಲ್ ಆರ್ಕ್ ಎ380 ತಂದು ಹಾಕಿದೆ. ಎವಿ1 ಅನ್ನೋ ಫಾರ್ಮ್ಯಾಟ್‌ನ ವಿಡಿಯೊ ಬೇಗ ರೆಂಡರ್ ಆಗುತ್ತೆ ಅಂತ ಕೇಳಿದ್ದೆ. ಆದರೆ ಸ್ಕ್ರೀನ್ ಒಂದೇ ರೆಸಲ್ಯೂಶನ್‌ನಲ್ಲಿ ನಿಂತುಬಿಟ್ಟಿದೆ, ಕಿಟಕಿ ಎಳೆದರೂ ತಡವರಿಸುತ್ತೆ. ಡೌನ್‌ಲೋಡ್ ಮಾಡಿ ಕ್ಲಿಕ್ ಮಾಡುವಂಥ ಡ್ರೈವರ್ ಎಲ್ಲೂ ಸಿಗಲಿಲ್ಲ. ಇಡೀ ಸಿಸ್ಟಂ ಬದಲಿಸದೆ ಹೊಸ ಡ್ರೈವರ್ ಹಾಕೋಕೆ ಆಗುತ್ತಾ?

ಉತ್ತರ: ಆಗುತ್ತದೆ. ನಿಮ್ಮ ಕಾರ್ಡ್ ಚೆನ್ನಾಗಿಯೇ ಇರಬೇಕು, ಅಂಗಡಿಗೆ ವಾಪಸ್ ಕೊಡಲು ಓಡಬೇಡಿ. ಆದರೆ ಹುಡುಕುತ್ತಿರುವ ಜಾಗ ಬೇರೆ. ವಿಂಡೋಸ್‌ನಲ್ಲಿ ಡ್ರೈವರ್ ಎಂದರೆ ಒಂದು ಫೈಲ್, ತಂದು ಒತ್ತಿದರೆ ಮುಗಿಯಿತು. ಲಿನಕ್ಸ್‌ನಲ್ಲಿ ಇಂಟೆಲ್ ಮತ್ತು ಎಎಂಡಿ ಕಾರ್ಡ್‌ಗಳ ಡ್ರೈವರ್ ಮೂರು ಕಡೆ ಹಂಚಿಕೊಂಡಿರುತ್ತದೆ. ಕಾರ್ಡನ್ನು ಗುರುತು ಹಿಡಿದು ಎಬ್ಬಿಸುವ ಭಾಗ ಸಿಸ್ಟಂನ ತಿರುಳಾದ ಕರ್ನಲ್‌ನೊಳಗಿದೆ. ಕಾರ್ಡಿನ ಒಳಗೇ ಓಡುವ ಪುಟ್ಟ ಪ್ರೋಗ್ರಾಂಗಳು, ಅಂದರೆ ಫರ್ಮ್‌ವೇರ್, ಬೇರೆ ಪ್ಯಾಕೇಜ್‌ನಲ್ಲಿ ಬರುತ್ತವೆ. ಪ್ರೋಗ್ರಾಂಗಳು ಚಿತ್ರ ಬಿಡಿಸಲು ಬಳಸುವ ಓಪನ್‌ಜಿಎಲ್, ವಲ್ಕನ್‌ಗಳ ಕೆಲಸ ನೋಡಿಕೊಳ್ಳುವುದು ಮೆಸಾ ಎಂಬ ಲೈಬ್ರರಿ. ಈ ಮೂರರಲ್ಲಿ ಯಾವುದು ಹಿಂದೆ ಬಿದ್ದಿದೆಯೋ ಅದನ್ನು ಮಾತ್ರ ಮುಂದಕ್ಕೆ ತಂದರೆ ಸಾಕು. ಎಲ್ಲವನ್ನೂ ಒಟ್ಟಿಗೆ ಕೆದಕಿದವರೇ ಜಾಸ್ತಿ ಒದ್ದಾಡುವುದನ್ನು ನೋಡಿದ್ದೇನೆ.

ಹಾಗಾಗಿ ಏನನ್ನೂ ಇನ್‌ಸ್ಟಾಲ್ ಮಾಡುವ ಮುಂಚೆ ಹತ್ತು ನಿಮಿಷ ಸುಮ್ನೆ ನೋಡಿ. ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರದಂತೆ ಬರೆಯುತ್ತಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ ಬಳಸಿ.

ಮೊದಲು ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಪುಟ ತೆರೆಯಿರಿ. ಗ್ರಾಫಿಕ್ಸ್ ಎಂಬಲ್ಲಿ ಎಲ್‌ಎಲ್‌ವಿಎಂಪೈಪ್ ಅಂತ ಇದೆಯಾ? ಇದ್ದರೆ ಚಿತ್ರ ಬಿಡಿಸುವ ಕೆಲಸವನ್ನೆಲ್ಲ ಪ್ರೊಸೆಸರ್ ಒಂದೇ ಮಾಡುತ್ತಿದೆ, ಕಾರ್ಡ್ ಮಲಗಿದೆ. ನಿಮ್ಮ ಪ್ರೊಸೆಸರ್ ಹೆಸರಿನ ಕೊನೆಯ ಎಫ್ ಅಕ್ಷರ ಹೇಳುವುದು ಅದರೊಳಗೆ ಗ್ರಾಫಿಕ್ಸ್ ಇಲ್ಲ ಅಂತ. ಆದ್ದರಿಂದ ನೆರವಿಗೆ ಬೇರೆ ಯಾರೂ ಇಲ್ಲ. ಕಿಟಕಿ ತಡವರಿಸುವುದು ಅದಕ್ಕೇ.

ಆಮೇಲೆ ಟರ್ಮಿನಲ್‌ನಲ್ಲಿ ಎಲ್‌ಎಸ್‌ಪಿಸಿಐ ಎಂದು ಬರೆದು, ಜಾಗ ಬಿಟ್ಟು, ಹೈಫನ್ ಎನ್‌ಎನ್‌ಕೆ ಸೇರಿಸಿ ಎಂಟರ್ ಒತ್ತಿ. ಉದ್ದ ಪಟ್ಟಿ ಬರುತ್ತದೆ. ಅದರಲ್ಲಿ ವಿಜಿಎ ಎಂದಿರುವ ಸಾಲು ಹುಡುಕಿ. ಪಕ್ಕದ ಚೌಕ ಕಂಸದಲ್ಲಿ 8086 ಮತ್ತು 56ಎ5 ಎಂಬ ಎರಡು ಸಂಖ್ಯೆ ಕಾಣಬೇಕು. ಮೊದಲನೆಯದು ಇಂಟೆಲ್‌ನ ಗುರುತು, ಎರಡನೆಯದು ಎ380ರ ಗುರುತು. ಕೆಲಸ ಮಾಡುತ್ತಿರುವ ಕಾರ್ಡ್ ಆದರೆ ಕೆಳಗೆ 'ಬಳಕೆಯಲ್ಲಿರುವ ಕರ್ನಲ್ ಡ್ರೈವರ್' ಎಂಬ ಅರ್ಥದ ಇಂಗ್ಲಿಷ್ ಸಾಲು ಇರುತ್ತದೆ. ನಿಮ್ಮಲ್ಲಿ ಆ ಸಾಲು ಇರಲಿಕ್ಕಿಲ್ಲ. ಆದರೆ ಮಾಡ್ಯೂಲ್ ಎಂಬಲ್ಲಿ ಐ915 ಹೆಸರು ಕಾಣುತ್ತದೆ. ಅಂದರೆ ಡ್ರೈವರ್ ಡಿಸ್ಕ್‌ನಲ್ಲಿ ಇದೆ, ಕಾರ್ಡನ್ನು ಕೈಗೆ ತೆಗೆದುಕೊಳ್ಳಲು ಒಪ್ಪುತ್ತಿಲ್ಲ.

ಯಾಕೆ ಒಪ್ಪುತ್ತಿಲ್ಲ ಅಂತ ಕರ್ನಲ್ ತಾನೇ ಬರೆದಿಟ್ಟಿರುತ್ತದೆ. ಸುಡೊ ಡಿಎಂಇಎಸ್‌ಜಿ ಕೊಟ್ಟು ಐ915 ಇರುವ ಸಾಲುಗಳನ್ನು ಓದಿ. 'ನಿಮ್ಮ ಗ್ರಾಫಿಕ್ಸ್ ಸಾಧನ 56ಎ5ಗೆ ಈ ಕರ್ನಲ್ ಆವೃತ್ತಿಯಲ್ಲಿ ಸರಿಯಾದ ಬೆಂಬಲ ಇಲ್ಲ' ಎಂಬ ಅರ್ಥದ ಸಾಲು ಸಿಗುತ್ತದೆ. ಬೇಕೇಬೇಕು ಎಂದರೆ ಫೋರ್ಸ್‌ಪ್ರೋಬ್ ಎಂಬ ಆಯ್ಕೆ ಕೊಟ್ಟು ಒತ್ತಾಯದಿಂದ ಎಬ್ಬಿಸಬಹುದು ಎಂದು ಹೇಳಿ, ಕೊನೆಯಲ್ಲಿ ಅದೇ ಒಂದು ಸಲಹೆ ಕೊಡುತ್ತದೆ: ಹೊಸ ಕರ್ನಲ್ ಇದೆಯಾ ನೋಡಿ, ಅದೇ ಉತ್ತಮ. ಇದಕ್ಕಿಂತ ಸ್ಪಷ್ಟವಾಗಿ ಯಾರು ತಾನೇ ಹೇಳಿಯಾರು? ಆದರೂ ಜನ ಈ ಸಾಲು ಓದದೆ ವಾರಗಟ್ಟಲೆ ಎಲ್ಲೆಲ್ಲೋ ಹುಡುಕುತ್ತಾರೆ. ಅದು ನೋಡಿದಾಗಲೆಲ್ಲ ಬೇಸರವಾಗುತ್ತದೆ.

ಡೆಬಿಯನ್ 12ಕ್ಕೆ ಹೀಗೇಕಾಯಿತು ಎಂಬುದು ತಾರೀಖಿನ ಕತೆ. ಆರ್ಕ್ ಕಾರ್ಡ್‌ಗಳು ಬಂದದ್ದು 2022ರಲ್ಲಿ. ಲಿನಕ್ಸ್ ಕರ್ನಲ್ 6.1 ಅದೇ ವರ್ಷ ಡಿಸೆಂಬರ್‌ನಲ್ಲಿ ಬಂತು. ಅದರಲ್ಲಿ ಆರ್ಕ್‌ನ ಡ್ರೈವರ್ ಇತ್ತು, ಆದರೆ ಇನ್ನೂ ಪಕ್ವವಾಗಿಲ್ಲ ಎಂದು ಬೀಗ ಹಾಕಿದ್ದರು. ಆ ಬೀಗ ತೆಗೆದದ್ದು 6.2ರಲ್ಲಿ, 2023ರ ಫೆಬ್ರವರಿಯಲ್ಲಿ. 2023ರ ಜೂನ್‌ನಲ್ಲಿ ಬಿಡುಗಡೆಯಾದ ಡೆಬಿಯನ್ 12 ಹೆಚ್ಚು ಕಾಲ ಬೆಂಬಲ ಸಿಗುವ 6.1 ಅನ್ನೇ ಆರಿಸಿಕೊಂಡಿತ್ತು. ಒಂದೇ ಒಂದು ಮೆಟ್ಟಿಲು ತಪ್ಪಿತು. ಮೆಸಾ ಮಾತ್ರ 22.3 ಇದೆ, ಅದಕ್ಕೆ ಆರ್ಕ್ ಗೊತ್ತು. ಹಾಗಾಗಿ ನಿಮ್ಮಲ್ಲಿ ಹಿಂದೆ ಬಿದ್ದಿರುವುದು ಕರ್ನಲ್, ಅದರ ಜೊತೆಗೆ ಫರ್ಮ್‌ವೇರ್.

ಇವೆರಡನ್ನೂ ಡೆಬಿಯನ್‌ನವರೇ ಕೊಡುತ್ತಾರೆ. ಹೊಸ ಆವೃತ್ತಿಯ ಪ್ಯಾಕೇಜ್‌ಗಳನ್ನು ಹಳೆಯ ಡೆಬಿಯನ್‌ಗೆ ಹೊಂದುವಂತೆ ಮತ್ತೆ ಕಟ್ಟಿ ಇಡುವ ಜಾಗಕ್ಕೆ ಬ್ಯಾಕ್‌ಪೋರ್ಟ್ಸ್ ಎಂದು ಹೆಸರು. ಡೆಬಿಯನ್ 12ರ ಅಡ್ಡಹೆಸರು ಬುಕ್‌ವರ್ಮ್, ಹಾಗಾಗಿ ನಿಮ್ಮದರ ಹೆಸರು ಬುಕ್‌ವರ್ಮ್ ಬ್ಯಾಕ್‌ಪೋರ್ಟ್ಸ್. ಪ್ಯಾಕೇಜ್‌ಗಳು ಎಲ್ಲಿಂದ ಬರಬೇಕು ಎಂದು ಹೇಳುವ ಸೋರ್ಸಸ್ ಪಟ್ಟಿಗೆ ಅದರ ಸಾಲನ್ನು ಸೇರಿಸಿ. ಸಾಲಿನ ಕೊನೆಯಲ್ಲಿ ಮೈನ್ ಜೊತೆಗೆ ಕಾಂಟ್ರಿಬ್, ನಾನ್-ಫ್ರೀ, ನಾನ್-ಫ್ರೀ-ಫರ್ಮ್‌ವೇರ್ ವಿಭಾಗಗಳೂ ಇರಲಿ. ಈ ಕೊನೆಯ ವಿಭಾಗ ಡೆಬಿಯನ್ 12ರಲ್ಲೇ ಹೊಸದಾಗಿ ಬಂದದ್ದು, 11ರಿಂದ ಮೇಲೆ ಬಂದವರ ಪಟ್ಟಿಯಲ್ಲಿ ಇಲ್ಲದೆ ಹೋಗಿರಬಹುದು. ಸಾಲು ಸೇರಿಸಿದ ಮಾತ್ರಕ್ಕೆ ಸಿಸ್ಟಂ ಪೂರ್ತಿ ಹೊಸದಾಗಿಬಿಡುತ್ತದೆ ಎಂಬ ಹೆದರಿಕೆ ಬೇಡ. ನೀವು ಹೆಸರು ಹಿಡಿದು ಕೇಳಿದ ಪ್ಯಾಕೇಜ್, ಅದಕ್ಕೆ ಬೇಕಾದ ಜೊತೆಗಾರರು, ಅಷ್ಟೇ ಅಲ್ಲಿಂದ ಬರುವುದು. ಉಳಿದದ್ದೆಲ್ಲ ಇದ್ದಂತೆಯೇ ಇರುತ್ತದೆ. ಕೇಳುವುದು ಹೇಗೆಂದರೆ, ಪ್ಯಾಕೇಜ್ ತಂದು ಹಾಕುವ ಎಪಿಟಿ ಇನ್‌ಸ್ಟಾಲ್ ಕಮಾಂಡ್‌ಗೆ ಹೈಫನ್ ಟಿ ಹಾಕಿ ಬ್ಯಾಕ್‌ಪೋರ್ಟ್ಸ್‌ನ ಹೆಸರು ಕೊಡಿ. ಮುಂದೆ ಎರಡು ಪ್ಯಾಕೇಜ್: ಲಿನಕ್ಸ್ ಇಮೇಜ್ ಎಎಂಡಿ64 ಮತ್ತು ಫರ್ಮ್‌ವೇರ್ ಮಿಸ್ಕ್ ನಾನ್‌ಫ್ರೀ, ಪದಗಳ ನಡುವೆ ಹೈಫನ್ ಇಟ್ಟು. ಎಎಂಡಿ64 ಎಂದರೆ 64 ಬಿಟ್ ಪ್ರೊಸೆಸರ್ ಅಂತ ಅರ್ಥ, ನಿಮ್ಮ ಇಂಟೆಲ್‌ಗೂ ಅದೇ.

ವೈ ಒತ್ತುವ ಮುಂಚೆ ಒಂದು ಕ್ಷಣ ನಿಲ್ಲಿ. ಯಾವುದನ್ನು ತೆಗೆಯುತ್ತೇನೆ ಎಂಬ ಪಟ್ಟಿಯನ್ನು ಎಪಿಟಿ ತೋರಿಸುತ್ತದೆ. ಅಲ್ಲಿ ನಿಮ್ಮ ಡೆಸ್ಕ್‌ಟಾಪ್‌ನ ಹೆಸರೋ ಪರದೆ ನಡೆಸುವ ಎಕ್ಸ್ ಸರ್ವರ್ ಹೆಸರೋ ಕಂಡರೆ ಎನ್ ಒತ್ತಿ ಹೊರಗೆ ಬನ್ನಿ, ಸೋರ್ಸಸ್ ಪಟ್ಟಿಯಲ್ಲಿ ಏನೋ ತಪ್ಪಿದೆ. ಕರ್ನಲ್ ಮತ್ತು ಫರ್ಮ್‌ವೇರ್ ತರಲು ಯಾವುದನ್ನೂ ತೆಗೆಯುವ ಅಗತ್ಯವೇ ಇಲ್ಲ.

ಇನ್‌ಸ್ಟಾಲ್ ನಡೆಯುವಾಗ 'ಈ ಫರ್ಮ್‌ವೇರ್ ಇಲ್ಲದಿರಬಹುದು' ಎಂಬ ಎಚ್ಚರಿಕೆ ಸಾಲುಗಳು ಓಡಬಹುದು. ಫೈಲ್ ಹೆಸರಿನ ಮೊದಲ ಅಕ್ಷರಗಳನ್ನು ನೋಡಿ. ಎ380ಗೆ ಬೇಕಾದವು ಡಿಜಿ2 ಎಂದು ಶುರುವಾಗುತ್ತವೆ. ಬೇರೆಯವು ನಿಮ್ಮಲ್ಲಿಲ್ಲದ ಚಿಪ್‌ಗಳದ್ದು, ತಲೆ ಕೆಡಿಸಿಕೊಳ್ಳಬೇಡಿ. ಡಿಜಿ2 ಹೆಸರಿನದೇ ಇಲ್ಲ ಅಂದರೆ ಫರ್ಮ್‌ವೇರ್ ಪ್ಯಾಕೇಜ್ ಬ್ಯಾಕ್‌ಪೋರ್ಟ್ಸ್‌ನಿಂದ ಬಂದಿಲ್ಲ ಎಂದೇ ಅನುಮಾನಿಸಿ. ಕರ್ನಲ್ ಹೊಸದಾಗಿ ಫರ್ಮ್‌ವೇರ್ ಹಳೆಯದಾಗಿ ಉಳಿಯುವುದು ತುಂಬ ಸಾಮಾನ್ಯ ತಪ್ಪು. ಎಎಂಡಿ ಕಾರ್ಡ್‌ಗಳಲ್ಲಂತೂ ಬೇಕಾದ ಫೈಲ್ ಸಿಗದಿದ್ದರೆ ಡ್ರೈವರ್ ಅಲ್ಲೇ ಕೈಚೆಲ್ಲುತ್ತದೆ.

ರೀಸ್ಟಾರ್ಟ್ ಮಾಡಿ. ಹೊಸ ಕರ್ನಲ್ 6.12 ಎಂದು ತೋರಿಸಬೇಕು. ಸ್ಕ್ರೀನ್ ಕಪ್ಪಾಗಿಯೇ ಉಳಿದರೂ ಗಾಬರಿ ಬೇಡ. ಹಳೆಯ ಕರ್ನಲ್ ಎಲ್ಲೂ ಹೋಗಿಲ್ಲ, ಕಂಪ್ಯೂಟರ್ ಶುರುವಾಗುವಾಗ ಬರುವ ಗ್ರಬ್ ಮೆನುವಿನ ಅಡ್ವಾನ್ಸ್ಡ್ ಆಯ್ಕೆಯಲ್ಲಿ ಕೂತಿದೆ. ಇಲ್ಲವೇ ಗ್ರಬ್‌ನಲ್ಲಿ ಇ ಒತ್ತಿ, ಲಿನಕ್ಸ್ ಎಂದು ಶುರುವಾಗುವ ಸಾಲಿನ ಕೊನೆಗೆ ನೋಮೋಡ್‌ಸೆಟ್ ಎಂಬ ಪದ ಸೇರಿಸಿ ಎಫ್10 ಒತ್ತಿ. ಡ್ರೈವರ್ ಇಲ್ಲದೆ ಸಿಸ್ಟಂ ಮೇಲೇಳುತ್ತದೆ, ಆಮೇಲೆ ಸಮಾಧಾನವಾಗಿ ಕರ್ನಲ್‌ನ ಸಾಲುಗಳನ್ನು ಓದಬಹುದು. ಹೊಸ ಕರ್ನಲ್‌ನಲ್ಲಿ ಒಂದೆರಡು ವಾರ ಕೆಲಸ ಮಾಡಿ ನೋಡುವ ತನಕ ಹಳೆಯದನ್ನು ಅಳಿಸಬೇಡಿ. ಮದುವೆ ಸೀಸನ್ ಮಧ್ಯೆ ಈ ಕೆಲಸಕ್ಕೆ ಕೈ ಹಾಕದಿದ್ದರೆ ಇನ್ನೂ ಒಳ್ಳೆಯದು.

ಎಲ್ಲ ಸರಿಯಾದರೆ ಅಬೌಟ್ ಪುಟದಲ್ಲಿ ಎಲ್‌ಎಲ್‌ವಿಎಂಪೈಪ್ ಹೋಗಿ ಆರ್ಕ್ ಎ380 ಹೆಸರು ಬರುತ್ತದೆ. ಆಗ ಮತ್ತೊಮ್ಮೆ ಡಿಎಂಇಎಸ್‌ಜಿ ನೋಡಿ. 'ಬಾರ್ ಗಾತ್ರ 256 ಎಂಬಿಗೆ ಇಳಿಸಲಾಗಿದೆ, ಬಯೊಸ್‌ನಲ್ಲಿ ರೀಸೈಜಬಲ್ ಬಾರ್ ಆನ್ ಮಾಡಿ' ಎಂಬಂಥ ಸಾಲು ಇದೆಯಾ? ಪ್ರೊಸೆಸರ್ ಒಂದೇ ಸಲಕ್ಕೆ ಕಾರ್ಡಿನ ಮೆಮೊರಿಯಲ್ಲಿ ಎಷ್ಟನ್ನು ಮುಟ್ಟಬಹುದು ಎಂಬುದರ ಲೆಕ್ಕ ಅದು. ಆರ್ಕ್ ಕಾರ್ಡ್‌ಗಳಿಗೆ ಇದು ತುಂಬ ಮುಖ್ಯ, ಇಲ್ಲದಿದ್ದರೆ ಆಟಗಳಲ್ಲಿ ವೇಗ ಎದ್ದು ಕಾಣುವಷ್ಟು ಬೀಳುತ್ತದೆ. ಇಂಟೆಲ್ ಪ್ರೊಸೆಸರ್‌ಗಳಲ್ಲಿ ಹತ್ತನೇ ಪೀಳಿಗೆಯಿಂದ ಈಚೆಗೆ ಇದಕ್ಕೆ ಬೆಂಬಲವಿದೆ, ನಿಮ್ಮದು ಅಂಚಿನಲ್ಲಿ ಪಾಸಾಗಿದೆ. ಆದರೆ ಮದರ್‌ಬೋರ್ಡ್‌ಗೆ ಬಯೊಸ್ ಅಪ್‌ಡೇಟ್ ಬೇಕಾಗಬಹುದು. ಬಯೊಸ್‌ನಲ್ಲಿ ಅಬೌವ್ 4ಜಿ ಡಿಕೋಡಿಂಗ್ ಕೂಡ ಆನ್ ಇರಬೇಕು, ಹಳೆಯ ರೀತಿಯ ಬೂಟ್‌ಗಾಗಿ ಇರುವ ಸಿಎಸ್‌ಎಂ ಆಫ್ ಇರಬೇಕು.

ಇದೇ ತೊಂದರೆ ಬೇರೆ ಸಿಸ್ಟಂಗಳಲ್ಲಿ ಇರುವವರಿಗೂ ಎರಡು ಮಾತು. ಉಬುಂಟು 22.04ರವರು ಹೊಸ ಹಾರ್ಡ್‌ವೇರ್‌ಗಾಗಿ ಇರುವ ಎಚ್‌ಡಬ್ಲ್ಯುಇ ಕರ್ನಲ್ ಪ್ಯಾಕೇಜ್ ಹಾಕಿಕೊಂಡರೆ 5.15ರಿಂದ 6.8ಕ್ಕೆ ಹೋಗುತ್ತಾರೆ, ಆರ್ಕ್‌ಗೆ ಅಷ್ಟು ಸಾಕು. ಮೆಸಾ ಮಾತ್ರ ಇನ್ನೂ ಹೊಸದು ಬೇಕು ಎನ್ನುವವರು ಕಿಸಾಕ್ ಎಂಬ ಪಿಪಿಎ (ಹೊರಗಿನವರು ನಡೆಸುವ ಪ್ಯಾಕೇಜ್ ಸಂಗ್ರಹ) ಬಳಸುತ್ತಾರೆ, ಬೇಡವಾದರೆ ಪಿಪಿಎ ಪರ್ಜ್ ಕಮಾಂಡ್‌ನಿಂದ ಹಿಂದಕ್ಕೆ ಬರಬಹುದು. ರೆಡ್ ಹ್ಯಾಟ್ 8ರಲ್ಲಿ ಕರ್ನಲ್ 4.18 ಎಂದು ಕಂಡರೂ ಆ ಸಂಖ್ಯೆ ನೋಡಿ ನಿರಾಶರಾಗಬೇಡಿ. ಅದರ ಗ್ರಾಫಿಕ್ಸ್ ಭಾಗವನ್ನು ಹೊಸ ಕರ್ನಲ್‌ಗಳಿಂದ ತಂದು ಸೇರಿಸಿದ್ದಾರೆ.

ಎನ್‌ವಿಡಿಯಾ ದಾರಿ ಬೇರೆ. ಅವರ ಡ್ರೈವರ್‌ನಲ್ಲಿ ಕರ್ನಲ್ ಮಾಡ್ಯೂಲ್ ಮತ್ತು ಮೇಲಿನ ಲೈಬ್ರರಿಗಳು ಒಂದೇ ಆವೃತ್ತಿಯದ್ದಾಗಿರಬೇಕು, ಮೆಸಾ ಲೆಕ್ಕಕ್ಕೆ ಬರುವುದಿಲ್ಲ. ಅಪ್‌ಡೇಟ್ ಆದ ಕೂಡಲೇ ಆವೃತ್ತಿ ಹೊಂದುತ್ತಿಲ್ಲ ಎಂಬ ದೂರು ಬಂದರೆ ಬಹುತೇಕ ಸಲ ಒಂದು ರೀಸ್ಟಾರ್ಟ್ ಸಾಕು. ಬಯೊಸ್‌ನಲ್ಲಿ ಸೆಕ್ಯೂರ್ ಬೂಟ್ ಆನ್ ಇದ್ದರೆ ಮಾಡ್ಯೂಲ್‌ಗೆ ಸಹಿ ಬೇಕು, ರೀಸ್ಟಾರ್ಟ್ ಆದಾಗ ಬರುವ ನೀಲಿ ಪರದೆಯಲ್ಲಿ ಕೀ ನೋಂದಾಯಿಸುವ ಹೆಜ್ಜೆಯನ್ನು ತಪ್ಪಿಸಬೇಡಿ.

ಯಾರಾದರೂ 'ಡೆಬಿಯನ್ ಟೆಸ್ಟಿಂಗ್‌ನ ಸಾಲು ಸೇರಿಸಿ, ಹೊಸ ಮೆಸಾ ಸಿಗುತ್ತೆ' ಎಂದರೆ ಮಾತ್ರ ಕೇಳಬೇಡಿ. ಟೆಸ್ಟಿಂಗ್ ಎಂದರೆ ಇನ್ನೂ ಬಿಡುಗಡೆಯಾಗದ ಮುಂದಿನ ಡೆಬಿಯನ್. ಮೆಸಾ ಒಂಟಿಯಾಗಿ ಬರುವುದಿಲ್ಲ. ಎಲ್‌ಎಲ್‌ವಿಎಂ ಎಳೆಯುತ್ತದೆ, ಸಿ ಲೈಬ್ರರಿ ಎಳೆಯುತ್ತದೆ, ನೋಡನೋಡುತ್ತಿದ್ದಂತೆ ಅರ್ಧ ಸಿಸ್ಟಂ ಒಂದು ಆವೃತ್ತಿ, ಇನ್ನರ್ಧ ಇನ್ನೊಂದು. ಅಲ್ಲಿಂದ ಹಿಂದಕ್ಕೆ ಬರುವ ಸುಲಭದ ದಾರಿ ಇಲ್ಲ. ಹೀಗಾದ ಗೆಳೆಯರೊಬ್ಬರ ಕಂಪ್ಯೂಟರ್ ಮುಂದೆ ಒಂದು ರಾತ್ರಿ ಪೂರ್ತಿ ಕೂತಿದ್ದೇವೆ. ಬೆಳಿಗ್ಗೆ ಫೈಲ್‌ಗಳನ್ನು ನಕಲು ಮಾಡಿಕೊಂಡು ಹೊಸದಾಗಿ ಇನ್‌ಸ್ಟಾಲ್ ಮಾಡಿದೆವು.

ಇನ್ನು ನಿಮ್ಮ ಎವಿ1. ಇಲ್ಲಿ ಒಂದು ವಿಷಯ ಮುಚ್ಚಿಡದೆ ಹೇಳಬೇಕು. ವಿಡಿಯೊ ಎನ್‌ಕೋಡ್‌ಗೆ ಇಂಟೆಲ್ ಮೀಡಿಯಾ ವಿಎ ಡ್ರೈವರ್ ಎಂಬ ಪ್ಯಾಕೇಜ್ ಬೇಕು, ಅದರಲ್ಲಿ ಹೆಸರಿನ ಕೊನೆಗೆ ನಾನ್-ಫ್ರೀ ಇರುವುದನ್ನೇ ಹಾಕಿ. ಆಮೇಲೆ ವಿಎಇನ್ಫೊ ಕಮಾಂಡ್ ಕೊಟ್ಟರೆ ಎವಿ1 ಹೆಸರಿನ ಪಕ್ಕ ಎನ್‌ಕೋಡ್ ಅಂತ ಕಾಣಿಸಬೇಕು. ಕಂಡರೆ ಕಾರ್ಡ್ ಸಿದ್ಧವಾಗಿದೆ. ಆದರೆ ಕೆಡೆನ್‌ಲೈವ್‌ನಂಥ ಎಡಿಟರ್‌ಗಳು ಎನ್‌ಕೋಡ್ ಮಾಡಿಸುವುದು ಎಫ್‌ಎಫ್‌ಎಂಪೆಗ್ ಎಂಬ ಪ್ರೋಗ್ರಾಂನ ಕೈಯಲ್ಲಿ. ಡೆಬಿಯನ್ 12ರಲ್ಲಿರುವುದು ಅದರ 5.1. ಇಂಟೆಲ್ ಕಾರ್ಡ್‌ನಲ್ಲಿ ಎವಿ1 ಎನ್‌ಕೋಡ್ ಮಾಡಿಸುವುದು ಅದು ಕಲಿತದ್ದು 6.0ರಲ್ಲಿ. ಅಂದರೆ ಕರ್ನಲ್, ಫರ್ಮ್‌ವೇರ್, ಮೆಸಾ ಮೂರೂ ಸರಿಯಿದ್ದರೂ ರೆಂಡರ್ ಪಟ್ಟಿಯಲ್ಲಿ ನಿಮಗೆ ಬೇಕಾದದ್ದು ಸಿಗುವುದಿಲ್ಲ. ಎಚ್.264 ಮತ್ತು ಎಚ್‌ಇವಿಸಿ ಫಾರ್ಮ್ಯಾಟ್‌ಗಳಿಗೆ ಈ ಅಡ್ಡಿ ಇಲ್ಲ, ಮದುವೆ ಮನೆಯವರಿಗೆ ಪೆನ್‌ಡ್ರೈವ್‌ನಲ್ಲಿ ಕೊಡಲು ಅವೇ ಸಾಕು.

ಆಗೊಮ್ಮೆ ಈಗೊಮ್ಮೆ ಎವಿ1 ಬೇಕು ಎಂದರೆ ವಿಡಿಯೊ ಪರಿವರ್ತಿಸುವ ಹ್ಯಾಂಡ್‌ಬ್ರೇಕ್ ಅನ್ನು ಫ್ಲಾಟ್‌ಪ್ಯಾಕ್ ರೂಪದಲ್ಲಿ ಹಾಕಿಕೊಳ್ಳಿ, ಜೊತೆಗೆ ಅದರ ಇಂಟೆಲ್ ಪ್ಲಗಿನ್. ಫ್ಲಾಟ್‌ಪ್ಯಾಕ್ ತನಗೆ ಬೇಕಾದ ಹೊಸ ಲೈಬ್ರರಿಗಳನ್ನು ತಾನೇ ಹೊತ್ತು ತರುತ್ತದೆ, ಕೆಳಗಿನ ಹಳೆಯ ಸಿಸ್ಟಂ ಅನ್ನು ಮುಟ್ಟುವುದಿಲ್ಲ. ದಿನಾ ಎವಿ1 ಕೆಲಸವೇ ಇದೆ ಎಂದಾದರೆ ನನ್ನ ಸಲಹೆ ಡೆಬಿಯನ್ 13. 2025ರ ಆಗಸ್ಟ್‌ನಲ್ಲಿ ಬಂದ ಅದರಲ್ಲಿ ಕರ್ನಲ್ 6.12, ಮೆಸಾ 25.0, ಎಫ್‌ಎಫ್‌ಎಂಪೆಗ್ 7.1 ಒಟ್ಟಿಗೇ ಇವೆ. ಹೊಸ ಡೆಬಿಯನ್ ಬಂದ ಮೇಲೆ ಹಳೆಯದರ ಬ್ಯಾಕ್‌ಪೋರ್ಟ್ಸ್ ಜಾಸ್ತಿ ದಿನ ನಡೆಯುವುದೂ ಇಲ್ಲ. ಒಪ್ಪಿಕೊಂಡ ಆಲ್ಬಂಗಳನ್ನು ಮೊದಲು ಕೊಟ್ಟು ಮುಗಿಸಿ. ಪ್ರಾಜೆಕ್ಟ್ ಫೋಲ್ಡರ್‌ಗಳನ್ನು ಬೇರೆ ಡಿಸ್ಕ್‌ಗೆ ನಕಲು ಮಾಡಿ, ಆ ಡಿಸ್ಕ್‌ನ ಕೇಬಲ್ ತೆಗೆದಿಟ್ಟು ಆಮೇಲೆ ಅಪ್‌ಗ್ರೇಡ್ ಶುರು ಮಾಡಿ.