ರಾಯಲ್ ಜಾರ್ಜ್ ಮುಳುಗಿದ್ದು ಮರ ಕೊಳೆತಿದ್ದಕ್ಕಾ?

1782ರ ಆಗಸ್ಟ್ 29ರ ಬೆಳಿಗ್ಗೆ, ಇಂಗ್ಲೆಂಡಿನ ಪೋರ್ಟ್ಸ್‌ಮೌತ್ ಎದುರಿನ ಸ್ಪಿಟ್‌ಹೆಡ್‌ನಲ್ಲಿ ಲಂಗರು ಹಾಕಿದ್ದ ಯುದ್ಧನೌಕೆ ರಾಯಲ್ ಜಾರ್ಜ್ ನಿಂತಲ್ಲೇ ಮುಳುಗಿತು. ಬಿರುಗಾಳಿ ಇರಲಿಲ್ಲ, ಶತ್ರುವೂ ಇರಲಿಲ್ಲ. ಆದರೂ ಸುಮಾರು 900 ಜನ ಸತ್ತರು. ನಾವಿಕರನ್ನು ನೋಡಲು ಬಂದಿದ್ದ ಹೆಂಗಸರು, ಮಕ್ಕಳೂ ಅವರಲ್ಲಿದ್ದರು.

100 ಫಿರಂಗಿಗಳ ಈ ಹಡಗು ವುಲ್‌ವಿಚ್‌ನಲ್ಲಿ ನೀರಿಗಿಳಿದದ್ದು 1756ರಲ್ಲಿ. 1759ರಲ್ಲಿ ಕಿಬೆರಾನ್ ಕೊಲ್ಲಿಯಲ್ಲಿ ಫ್ರೆಂಚರನ್ನು ಸೋಲಿಸಿದ ಅಡ್ಮಿರಲ್ ಹಾಕ್ ಇದ್ದದ್ದು ಇದರಲ್ಲೇ. 1782ರ ಹೊತ್ತಿಗೆ ಅದಕ್ಕೆ ವಯಸ್ಸಾಗಿತ್ತು. ಆದರೆ ಬ್ರಿಟನ್ನಿಗೆ ಹಡಗುಗಳ ಅಭಾವ. ಅಮೆರಿಕ, ಫ್ರಾನ್ಸ್, ಸ್ಪೇನ್, ಹಾಲೆಂಡ್ ಎಲ್ಲದರ ಜೊತೆ ಯುದ್ಧ. ಇತ್ತ ನಮ್ಮ ಹೈದರ್ ಅಲಿಯ ಜೊತೆಗೂ ಕಾದಾಟ. ಮುತ್ತಿಗೆಯಲ್ಲಿ ಸಿಕ್ಕಿಬಿದ್ದಿದ್ದ, ಸ್ಪೇನಿನ ದಕ್ಷಿಣ ತುದಿಯ ಬ್ರಿಟಿಷ್ ನೆಲೆ ಜಿಬ್ರಾಲ್ಟರ್‌ಗೆ ನೆರವು ಒಯ್ಯುವ ಪಡೆಯಲ್ಲಿ ಈ ಹಡಗೂ ಇತ್ತು.

ಹೊರಡುವ ಮೊದಲು ಒಂದು ಸಣ್ಣ ರಿಪೇರಿ ಬಾಕಿ ಇತ್ತು. ಡೆಕ್ ತೊಳೆಯಲು ಸಮುದ್ರದ ನೀರು ಎಳೆಯುವ ಕೊಳವೆ ಕೆಟ್ಟಿತ್ತು. ಅದರ ಬಾಯಿ ಬಲಮಗ್ಗುಲಲ್ಲಿ, ನೀರಿನೊಳಗೆ. ಅದು ಮೇಲೆ ಬರಲಿ ಎಂದು ಫಿರಂಗಿಗಳನ್ನು ಸರಿಸಿ ಹಡಗನ್ನು ಎಡಕ್ಕೆ ವಾಲಿಸಿದರು. ಎಡಗಡೆಯ ಕೆಳಗಿನ ಫಿರಂಗಿ ಕಿಂಡಿಗಳು ನೀರಿಗೆ ತಾಗುವಷ್ಟು ತಗ್ಗಿದವು. ಅದೇ ಹೊತ್ತಿಗೆ ದೋಣಿಯೊಂದು ರಮ್ ಪೀಪಾಯಿಗಳನ್ನು ತಂದಿತು. ಅವನ್ನೂ ಎಡಗಡೆಯಿಂದಲೇ ಹತ್ತಿಸಿದರು! ಹಡಗಿನ ಬಡಗಿ, ಅಧಿಕಾರಿಯ ಬಳಿ ಎರಡು ಸಲ ಹೋಗಿ, "ಹಡಗನ್ನು ನೆಟ್ಟಗೆ ಮಾಡಿ, ಇದು ತಡೆಯುವುದಿಲ್ಲ" ಎಂದ. ಎರಡನೇ ಸಲ ಅಧಿಕಾರಿ ಗದರಿದ. ಇದನ್ನು ಹೇಳಿದ್ದು ಬದುಕುಳಿದ ನಾವಿಕ ಜೇಮ್ಸ್ ಇಂಗ್ರಾಮ್. ಕೊನೆಗೆ ನೆಟ್ಟಗೆ ಮಾಡುವ ಆಜ್ಞೆ ಬರುವಷ್ಟರಲ್ಲಿ ಕಿಂಡಿಗಳಿಂದ ನೀರು ನುಗ್ಗಿತ್ತು. ರಿಯರ್ ಅಡ್ಮಿರಲ್ ಕೆಂಪನ್‌ಫೆಲ್ಟ್ ಹಡಗಿನ ಜೊತೆಗೇ ಹೋದರು. ಕ್ಯಾಪ್ಟನ್ ವ್ಯಾಗ್‌ಹಾರ್ನ್ ಪಾರಾದರು.

ಸೆಪ್ಟೆಂಬರ್‌ನಲ್ಲಿ ಕೋರ್ಟ್ ಮಾರ್ಷಲ್ ನಡೆಯಿತು. ಮರ ಪೂರ್ತಿ ಕೊಳೆತಿದ್ದರಿಂದ ಹಡಗಿನ ಚೌಕಟ್ಟೇ ಮುರಿದಿರಬೇಕು ಎಂದು ಹೇಳಿ ಎಲ್ಲರನ್ನೂ ಖುಲಾಸೆ ಮಾಡಿತು. ತೀರ್ಪು ಕೊಟ್ಟವರೂ ನೌಕಾಧಿಕಾರಿಗಳೇ. ನನಗಂತೂ ಈ ತೀರ್ಪು ಸರಿ ಅನ್ನಿಸುವುದಿಲ್ಲ. ಮರ ಹಳೆಯದೇ ಇರಬಹುದು, ಆದರೆ ಗಟ್ಟಿ ಹಡಗಾದರೂ ಕಿಂಡಿ ತೆರೆದಿಟ್ಟು ಅಷ್ಟು ವಾಲಿಸಿದರೆ ಮುಳುಗುತ್ತದೆ, ಅಲ್ವಾ? ಇನ್ನು ಮರ ಕೊಳೆತದ್ದೇ ನಿಜವಾದರೆ, ಅಂಥ ಹಡಗನ್ನು ಯುದ್ಧಕ್ಕೆ ಹೊರಡಿಸಿದವರನ್ನು ಯಾರೂ ಶಿಕ್ಷಿಸಲಿಲ್ಲ. ವಿಧವೆಯರಿಗೆ, ಮಕ್ಕಳಿಗೆ ಸಿಕ್ಕಿದ್ದು ಲಂಡನ್ನಿನ ಲಾಯ್ಡ್ಸ್ ಕಾಫಿ ಹೌಸ್‌ನಲ್ಲಿ ಎತ್ತಿದ ಚಂದಾ ಹಣ.

ಹಡಗಿನ ಅವಶೇಷ ದಶಕಗಟ್ಟಲೆ ಆ ಲಂಗರು ತಾಣಕ್ಕೆ ಅಡ್ಡವಾಗಿ ಬಿದ್ದಿತ್ತು. 1834ರಲ್ಲಿ ಡೀನ್ ಸಹೋದರರು ಲೋಹದ ಶಿರಸ್ತ್ರಾಣ ತೊಟ್ಟು ಇಳಿದು ಕೆಲವು ಫಿರಂಗಿಗಳನ್ನು ಮೇಲೆತ್ತಿದರು. ಉಳಿದದ್ದನ್ನು ಕರ್ನಲ್ ಪಾಸ್ಲಿಯ ಸೇನಾ ಎಂಜಿನಿಯರ್‌ಗಳು 1839ರಿಂದ 1843ರವರೆಗೆ ಸಿಡಿಮದ್ದು ಇಟ್ಟು ಒಡೆದು ತೆಗೆದರು.