ಏರಿ ಒಡೆಯುವುದು ಹಿಂಬದಿಯಿಂದ

ಕೆರೆ ಏರಿ ಮೇಲೆ ಹುತ್ತ ಎದ್ದರೆ ನಮ್ಮ ಹಾಸನದ ಕಡೆ ಅದಕ್ಕೆ ಅರಿಶಿನ ಕುಂಕುಮ ಬೀಳುತ್ತದೆ, ಹಾಲು ಬೀಳುತ್ತದೆ, ಗುದ್ದಲಿ ಮಾತ್ರ ಬೀಳುವುದಿಲ್ಲ. ಭಕ್ತಿಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಗೆದ್ದಲು ಕೊರೆದ ಸುರಂಗಗಳು ಏರಿಯ ಹೊಟ್ಟೆಯೊಳಗೆ ಹೋಗಿರುತ್ತವೆ. ಮಳೆಗಾಲದಲ್ಲಿ ನೀರು ಆ ಮಟ್ಟಕ್ಕೆ ಬಂದರೆ ಕಥೆ ಮುಗೀತು.

ಊರ ಮೇಲ್ಗಡೆ ಹಳ್ಳಕ್ಕೆ ಅಡ್ಡಲಾಗಿ ಕಟ್ಟುವ ಸಣ್ಣ ಮಣ್ಣಿನ ಒಡ್ಡೂ ಇಂಥದ್ದೇ ಏರಿ. ಅದರ ಕೆಲಸ ಇಷ್ಟೇ: ಒಮ್ಮೆಲೇ ನುಗ್ಗುವ ನೀರನ್ನು ಹಿಡಿದು ತೂಬಿನಲ್ಲಿ ನಿಧಾನಕ್ಕೆ ಬಿಡುವುದು. ಅದಕ್ಕೇ ಜೋರು ಮಳೆಗೆ ಮುಂಚೆ ಅದರಲ್ಲಿ ಜಾಗ ಖಾಲಿ ಇರಬೇಕು. ಹೆಚ್ಚಾದ ನೀರು ಹೊರಹೋಗುವ ಕೋಡಿಗೆ ಮರಳಿನ ಚೀಲ ಇಟ್ಟು ಇನ್ನೊಂದು ಅಡಿ ನೀರು ನಿಲ್ಲಿಸುವುದಂತೂ ಬಹಳ ಅಪಾಯ. ನೀರು ಏರಿಯನ್ನು ಹತ್ತಿ ಆಚೆ ಇಳಿದರೆ ಹೊರಮೈ ಕೊಚ್ಚಿಹೋಗುತ್ತದೆ.

ನೀರು ತಳ್ಳಿದ್ದಕ್ಕೇ ಏರಿ ಒಡೆಯಿತು ಅಂತ ಜನ ಹೇಳುತ್ತಾರೆ. ಬುಡ ಅಗಲವಾಗಿರುವ ಮಣ್ಣಿನ ರಾಶಿ ಆ ತಳ್ಳಾಟವನ್ನು ತಡೆದುಕೊಳ್ಳುತ್ತದೆ. ಅದಕ್ಕಿಂತ ದೊಡ್ಡ ಶತ್ರು ಒಳಗೆ ಜಿನುಗುವ ನೀರು. ಜಿನುಗದ ಮಣ್ಣಿನ ಏರಿಯೇ ಇಲ್ಲ, ಅದು ತಪ್ಪೂ ಅಲ್ಲ. ಮಣ್ಣಿನ ಕಣಗಳ ಸಂದಿಯಲ್ಲಿ ನುಸುಳುತ್ತಾ ನೀರಿನ ಒತ್ತಡ ಕರಗುತ್ತಾ ಬರುತ್ತದೆ. ಹೊರಬದಿಯ ಬುಡದಲ್ಲಿ ಹೊರಬರುವಾಗ ಇನ್ನೂ ಒತ್ತಡ ಉಳಿದಿದ್ದರೆ ಅದು ಒಂದು ಕಣವನ್ನು ಎಬ್ಬಿಸಿಕೊಂಡು ಹೋಗುತ್ತದೆ. ಒಂದು ಕಣ ಹೋಯಿತು ಅಂದರೆ ದಾರಿ ಅಷ್ಟು ಗಿಡ್ಡವಾಯಿತು, ದಾರಿ ಗಿಡ್ಡವಾದರೆ ನೀರಿನ ರಭಸ ಜಾಸ್ತಿ, ರಭಸ ಜಾಸ್ತಿಯಾದರೆ ಇನ್ನೊಂದು ಕಣ ಸುಲಭವಾಗಿ ಏಳುತ್ತದೆ. ಹೀಗೆ ತೂತು ಹಿಂಬದಿಯಿಂದ ನೀರಿನ ಕಡೆಗೆ ಬೆಳೆಯುತ್ತಾ ಹೋಗುತ್ತದೆ. ಎಂಜಿನಿಯರುಗಳು ಇದಕ್ಕೆ ಪೈಪಿಂಗ್ ಅನ್ನುತ್ತಾರೆ. ಹುತ್ತ, ಏಡಿ ಬಿಲ, ಸತ್ತ ಮರದ ಬೇರು ಆ ದಾರಿಯ ಅರ್ಧವನ್ನು ಮೊದಲೇ ಮಾಡಿಟ್ಟಿರುತ್ತವೆ.

ಅಮೆರಿಕದ ಐಡಾಹೋದಲ್ಲಿ ಟೀಟನ್ ಅನ್ನುವ ಮಣ್ಣಿನ ಅಣೆಕಟ್ಟೆ ಮೊದಲ ಸಲ ತುಂಬುತ್ತಿತ್ತು. 1976ರ ಜೂನ್ 5ರ ಬೆಳಿಗ್ಗೆ ಹಿಂಬದಿಯಲ್ಲಿ ಕೆಸರು ನೀರು ಕಂಡಿತು, ಮಧ್ಯಾಹ್ನ 12ರ ಹೊತ್ತಿಗೆ ಅಣೆಕಟ್ಟೆ ಒಡೆದುಹೋಗಿತ್ತು. 11 ಜನ ಸತ್ತರು. ನಮ್ಮಲ್ಲಿ ಸಖರಾಯಪಟ್ಟಣದ ಅಯ್ಯನಕೆರೆ, ಹಳೇಬೀಡಿನ ದ್ವಾರಸಮುದ್ರದಂಥ ಹಳೇ ಕೆರೆಗಳು ಇವತ್ತಿಗೂ ಇವೆ. ಏರಿ ನಿಲ್ಲಲಿ ಅಂತ ಸೊಸೆಯನ್ನು ಬಲಿ ಕೊಟ್ಟ ಕಥೆಗಳೂ ಇವೆ. ಅಂಥ ಕಥೆ ಕೇಳಿದಾಗೆಲ್ಲ ಸಂಕಟವಾಗುತ್ತದೆ. ಏರಿಗೆ ಬೇಕಾದದ್ದು ಗಟ್ಟಿಯಾಗಿ ದಮ್ಮಸ್ಸು ಮಾಡಿದ ಜೇಡಿಮಣ್ಣು, ಹಿಂಬದಿಗೆ ಮರಳು, ವರ್ಷವರ್ಷದ ಆರೈಕೆ, ಅಲ್ವಾ?

ಜಿನುಗುವ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ನೋಡಿ. ತಿಳಿಯಾಗಿದ್ದರೆ ದಿನಾ ನೋಡುತ್ತಿರಿ. ಕದಡಿದ್ದರೆ ಮಣ್ಣು ಹೊರಗೆ ಹೋಗುತ್ತಿದೆ. ಆಗ ಗಾಬರಿಯಲ್ಲಿ ಹೊರಗಿನಿಂದ ಜೇಡಿಮಣ್ಣು ಮೆತ್ತಬೇಡಿ. ಒಳಗೆ ಒತ್ತಡ ಹೆಚ್ಚಿ ನೀರು ಪಕ್ಕದಲ್ಲಿ ಒಡೆದುಕೊಳ್ಳುತ್ತದೆ. ಮೊದಲು ಮರಳು, ಅದರ ಮೇಲೆ ಸಣ್ಣ ಜಲ್ಲಿ, ಆಮೇಲೆ ದಪ್ಪ ಜಲ್ಲಿ ಹಾಕಬೇಕು. ಟೀ ಸೋಸಿದ ಹಾಗೆ ನೀರು ಹೊರಬರುತ್ತದೆ, ಮಣ್ಣು ಒಳಗೇ ಉಳಿಯುತ್ತದೆ. ಜೊತೆಗೆ ತೂಬು ತೆಗೆದು ನೀರು ಇಳಿಸಿ, ಕೆಳಗಿನ ಮನೆಯವರನ್ನು ಎಬ್ಬಿಸಿ. ಹುತ್ತವನ್ನು ಬೇಸಿಗೆಯಲ್ಲೇ ಬುಡಸಮೇತ ಅಗೆದು, ಹಸಿ ಜೇಡಿಮಣ್ಣನ್ನು ಪದರ ಪದರವಾಗಿ ತುಂಬಿ ದಮ್ಮಸ್ಸು ಮಾಡಿ. ಪೂಜೆಗೆ ಏರಿಯಿಂದ ದೂರ ಇನ್ನೊಂದು ಜಾಗ ನೋಡೋಣ.